ಎಮು-ರೆನ್‌ಗೆ ಎರಡನೇ ಸಾಕ್ಷಿ

೧೯೯೩ರ ಸೆಪ್ಟೆಂಬರ್, ಎರಡನೇ ಭಾನುವಾರ. ಸಿಡ್ನಿಯ ದಕ್ಷಿಣಕ್ಕೆ, ಸಮುದ್ರದಂಚಿನ ಬಂಡೆಗಳ ಮೇಲೆ ಕುರುಚಲು ಬಯಲು, ಅದರಾಚೆ ನೀಲಗಿರಿ ಮರಗಳ ಕಾಡು. ಹಕ್ಕಿ ನೋಡುವ ನಮ್ಮ ಗುಂಪಿನಲ್ಲಿ ಹನ್ನೊಂದು ಜನ, ಜೊತೆಗೆ ನನ್ನ ಅಜ್ಜಿ. ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದರು. ಅಪ್ಪ ಅಮ್ಮ ಇಬ್ಬರಿಗೂ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದುದರಿಂದ ಅಂದು ನನ್ನ ಪಾಲಿಗೆ ಬಿದ್ದರು.

ಅಜ್ಜಿಯದು ಹಳೇ ಅಭ್ಯಾಸ. ಬೆಳಗಿನ ವಾಕಿಂಗಿನಲ್ಲಿ ಯಾರ ಕಾಂಪೌಂಡಿನಿಂದ ಹೂವು ಇಣುಕಿದರೂ ಅದು ದೇವರಿಗೆ ಸೇರಿದ್ದು. ನಮ್ಮ ಸಬರ್ಬಿನಲ್ಲಿ ಎರಡೇ ವಾರದೊಳಗೆ ಮೂರು ಮನೆಯವರು ಬಂದು ಅಮ್ಮನ ಹತ್ತಿರ ಮಾತಾಡಿ ಹೋಗಿದ್ದರು. ಅದಕ್ಕೇ ಕಾರಿನಲ್ಲಿ ಮೊದಲೇ ಹೇಳಿದ್ದೆ: ಇದು ನ್ಯಾಷನಲ್ ಪಾರ್ಕ್, ಹೂವು ಕೀಳುವ ಹಾಗಿಲ್ಲ. ತಲೆಯಾಡಿಸಿದರು. ಬಯಲು ತುಂಬ ಬಿಳಿ, ಗುಲಾಬಿ, ಹಳದಿ ಹೂವು ಕಂಡದ್ದೇ ಅವರ ನಡಿಗೆ ನಿಧಾನವಾಯಿತು.

ನನ್ನ ಗಮನ ಬೇರೆ ಕಡೆ ಇತ್ತು. ಎಮು-ರೆನ್ ಎಂಬ ಪುಟ್ಟ ಹಕ್ಕಿಗಾಗಿ ಮೂರು ವಸಂತ ಅಲೆದಿದ್ದೆ, ಫಲ ಸೊನ್ನೆ. ಅಂದು ದಾರಿಯ ತಿರುವಿನಲ್ಲಿ ಒಂದು ಪೊದೆಯ ತುದಿಗೆ ಬಂದು ಕೂತಿತು, ಮರುಗಳಿಗೆ ಒಳಗೆ ಇಳಿದುಹೋಯಿತು. ಮುಂದಿದ್ದವರು ಆಗಲೇ ತಿರುವು ದಾಟಿದ್ದರು.

ಊಟದ ಹೊತ್ತಿಗೆ ಕಾಡಿನ ನೆರಳಲ್ಲಿ ಹಕ್ಕಿಗಳ ಹಾಜರಿ. ಗುಂಪಿನ ಮುಖ್ಯಸ್ಥರು, ನಿವೃತ್ತ ಮೇಷ್ಟ್ರು, ಒಂದೊಂದೇ ಹೆಸರು ಓದುತ್ತಾರೆ. ಕಂಡವರು ಕೈ ಎತ್ತಬೇಕು. ಅಪರೂಪದ ಹಕ್ಕಿಗೆ ಎರಡು ಕೈ ಬೇಕು. ಒಂದೇ ಆದರೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಪ್ರಶ್ನೆ ಬಿದ್ದ ಹಕ್ಕಿಯನ್ನು ನಾನು ನನ್ನ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ.

ಎಮು-ರೆನ್ ಅಂದಾಗ ಎದ್ದದ್ದು ನನ್ನ ಕೈ ಮಾತ್ರ. ಮೇಷ್ಟ್ರು ಸುತ್ತ ನೋಡಿ, ಪಾಪ ಎಂಬಂತೆ ಪೆನ್ಸಿಲ್ ಇಳಿಸಿದರು.

ಏನಾಯಿತು ಎಂದು ಅಜ್ಜಿ ಕೇಳಿದರು. ವಿವರಿಸಿದೆ.

"ಉದ್ದ ಬಾಲದ ಪುಟಾಣಿ ತಾನೆ? ನಾನೂ ನೋಡಿದೆ ಕಣೇ. ಆದ್ರೆ ಹೇಳೋ ಹಾಗಿಲ್ಲ."

ಚಳಿಗೆಂಬಂತೆ ಕಟ್ಟಿಕೊಂಡಿದ್ದ ಕೈಗಳನ್ನು ಕೊಂಚ ಸಡಿಲಿಸಿ ತೋರಿಸಿದರು. ಸ್ವೆಟರಿನ ಕೆಳಗೆ ಸೆರಗಿನ ಮಡಿಲು, ಮಡಿಲ ತುಂಬ ಹೂವು. ಅವರು ಹಕ್ಕಿಯನ್ನು ನೋಡಿದ್ದು ಪೊದೆಗಳ ಒಳಗೆ ನಿಂತು.

ಬಿಡಜ್ಜಿ, ಪರವಾಗಿಲ್ಲ ಅಂದೆ. ಅವರು ನನ್ನ ಮುಖ ನೋಡಿ ಎದ್ದು ನಿಂತರು. ತಾವು ಹೇಳಿದ್ದನ್ನು ನಾನು ಹಾಗೇ ಇಂಗ್ಲಿಷಿನಲ್ಲಿ ಹೇಳಬೇಕೆಂದರು.

"ಗುಬ್ಬಿಗಿಂತ ಚಿಕ್ಕದು. ಗಂಟಲು ನೀಲಿ, ನಮ್ಮ ಈಶ್ವರನ ಹಾಗೆ. ಬಾಲ ಸವೆದ ಪೊರಕೆ. ಎಣಿಸಿದೆ, ಆರೇ ಕಡ್ಡಿ."

ಈಶ್ವರನನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. ಎಮು-ರೆನ್ ಬಾಲಕ್ಕೆ ಇರುವುದು ಆರೇ ಗರಿ; ಆರು ಎಂದದ್ದೇ ಮೇಷ್ಟ್ರ ಪೆನ್ಸಿಲ್ ಮೇಲೆದ್ದಿತು. ಬಾಲ ಎಷ್ಟು ಉದ್ದ ಎಂದು ಕೇಳಿದರು. ಅಜ್ಜಿ ತೋರಿಸಿದರು, ಎರಡೂ ಕೈಯಲ್ಲಿ.

ಹೂವೆಲ್ಲ ಮೇಷ್ಟ್ರ ಬೂಟಿನ ಮೇಲೆ ಸುರಿಯಿತು.

ಸ್ಯಾಂಡ್‌ವಿಚ್ ಅಗಿಯುತ್ತಿದ್ದವರು ಅಗಿಯುವುದನ್ನು ನಿಲ್ಲಿಸಿದರು. ಮೇಷ್ಟ್ರು ಮೊದಲು ಎಮು-ರೆನ್ ಮುಂದೆ ಟಿಕ್ ಹಾಕಿದರು. ಆಮೇಲೆ ಕನ್ನಡಕ ತೆಗೆದು, ಸಾವಧಾನವಾಗಿ, ಬಹಳ ಹೊತ್ತು ಬೈದರು. ಅಜ್ಜಿ ವಿಧೇಯವಾಗಿ ಕೊನೆಯವರೆಗೂ ಕೇಳಿದರು.

"ತಪ್ಪಾಯ್ತು ಅನ್ನು. ಆದ್ರೆ ಕಾಲ ಮೇಲೆ ಬಿದ್ದದ್ದು ಇನ್ನು ದೇವರಿಗೆ ಆಗಲ್ಲ, ಅದನ್ನೂ ಹೇಳು."

ಮೊದಲರ್ಧ ಮಾತ್ರ ಹೇಳಿದೆ.

ಆ ದಿನದ ಪಟ್ಟಿಯ ನಕಲು ಡೈರಿಯಲ್ಲಿದೆ. ಒಟ್ಟು ನಲವತ್ತೊಂದು ಜಾತಿ. ಎಮು-ರೆನ್: ಒಂದು. ಕಂಡವರು: ಇಬ್ಬರು. ಅದರ ಕೆಳಗೆ ಮೇಷ್ಟ್ರೇ ಬರೆದಿದ್ದಾರೆ: "ಎರಡನೆಯವರು ಮುಂದಿನ ಸಲ ನನ್ನ ಪಕ್ಕದಲ್ಲೇ ನಡೆಯತಕ್ಕದ್ದು."