ಮೂವರು ಗೆಳತಿಯರು, ಒಂದು ಖಾಲಿ ಹುದ್ದೆ

ಐದು ಜನ ಗೆಳೆಯರು ಕಾಡಿಗೆ ಹೋಗುತ್ತಾರೆ. ನಾಲ್ಕನೇ ದಿನ ಒಬ್ಬಳು ಮಾತ್ರ ಹೊರಗೆ ಬರುತ್ತಾಳೆ. ಅವಳ ಹೊಟ್ಟೆ ತುಂಬಿರುತ್ತದೆ.

ಇದು ನಾನು ಈಚೆಗೆ ನೋಡಿದ ಇಂಗ್ಲಿಷ್ ಸಿನಿಮಾದ ಕಥೆ. ನೋಡಿದ್ದು ಥಿಯೇಟರಿನಲ್ಲಲ್ಲ. ಕಾರಿನ ಹಿಂದಿನ ಸೀಟಿನಲ್ಲಿ, ಗೆಳತಿ ಶೈಲಾಳ ಮೊಬೈಲಿನಲ್ಲಿ, ಅವಳ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿಕೊಂಡು. ನಾವು ಪ್ರೈಮರಿ ಶಾಲೆ ಟೀಚರುಗಳು. ಮನೆ ಗೋಕಾಕದಲ್ಲಿ, ಶಾಲೆ ಯಮಕನಮರಡಿ ಹತ್ತಿರದ ಹಳ್ಳಿಯಲ್ಲಿ. ಒಂದೂಕಾಲು ತಾಸಿನ ದಾರಿ. ಧುಪದಾಳ ದಾಟಿದ ಮೇಲೆ ಸಿನಿಮಾ ಹಚ್ಚಿದರೆ ಹುಕ್ಕೇರಿ ಬರುವಷ್ಟರಲ್ಲಿ ಒಬ್ಬರಾದರೂ ಸಾಯುತ್ತಿದ್ದರು.

ಕಾರು ಮಾದೇವಕ್ಕನದು. ಓಡಿಸುವವರೂ ಅವರೇ. ರಿಟೈರ್ ಆಗಲು ಮೂರು ವರ್ಷ ಉಳಿದಿರುವ, ನಮ್ಮ ಶಾಲೆಯ ಹಿರಿಯ ಟೀಚರ್. ಸ್ಟಿಯರಿಂಗ್ ಹಿಡಿದವರು ಸಿನಿಮಾ ನೋಡುವಂತಿಲ್ಲವಲ್ಲ, ಹಾಗಾಗಿ ಅವರಿಗೆ ನಾನು ರನ್ನಿಂಗ್ ಕಾಮೆಂಟರಿ ಕೊಡಬೇಕು.

"ಈಗ ಏನಾತ ಹೇಳ ವಿಜೂ?"

"ಕೆಂಪ ಟೋಪಿಯಾಂವನ ಕಣ್ಣ ಹಳದಿ ಆದೂರಿ ಅಕ್ಕಾ. ಗೆಳತಿ ಬೆನ್ನ ಹತ್ಯಾನ."

"ಯಾಕಂತ?"

"ಹಸಿವಿ ಆಗೇತ್ರಿ."

"ಕಾಡಿಗೆ ಹೋಗುಮುಂದ ನಾಕ ರೊಟ್ಟಿ ಕಟ್ಕೊಂಡ ಹೋಗಾಕ ಏನ್ ಧಾಡಿ ಆಗಿತ್ತ ಇವಕ್ಕ?"

ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ. ಈ ಸಿನಿಮಾವನ್ನು ನಮ್ಮ ಕಡೆ ತೆಗೆಯಲು ಸಾಧ್ಯವೇ ಇಲ್ಲ. ಹತ್ತನೇ ನಿಮಿಷಕ್ಕೆ ಯಾರಾದರೂ ಒಬ್ಬರು ಬುತ್ತಿ ಬಿಚ್ಚುತ್ತಾರೆ. ಶೇಂಗಾ ಚಟ್ನಿ ಕೈ ಬದಲಾಯಿಸುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಸಿನಿಮಾದಲ್ಲಿ ಒಂದು ನಿಯಮವಿತ್ತು. ಹಸಿದು ಗೆಳೆಯರನ್ನೇ ತಿನ್ನುವ ಮೃಗವಾದವರಿಗೆ ತಾವು ಮೃಗವಾಗಿದ್ದು ಗೊತ್ತಾಗುವುದಿಲ್ಲ. "ನಿನ್ನ ಒಳ್ಳೇದಕ್ಕೇ ಬಂದೆ" ಅನ್ನುತ್ತಲೇ ಹತ್ತಿರ ಬರುತ್ತಾರೆ. ನಾನೂ ಶೈಲಾಳೂ ಅದಕ್ಕೆ ಬಿದ್ದು ಬಿದ್ದು ನಕ್ಕೆವು. ಗೆಳೆಯರು ಎಲ್ಲಿಯಾದರೂ ಹೀಗೆ ಮಾಡುತ್ತಾರೆಯೇ?

ನಮ್ಮ ಗೆಳೆತನ ಒಂಬತ್ತು ವರ್ಷದ್ದು. ಮಧ್ಯಾಹ್ನದ ಊಟಕ್ಕೆ ನಮ್ಮದೊಂದು ಪದ್ಧತಿ ಇತ್ತು: ತನ್ನ ಡಬ್ಬಿಯನ್ನು ತಾನು ತೆರೆಯುವಂತಿಲ್ಲ. ನನ್ನದು ಶೈಲಾಗೆ, ಶೈಲಾಳದು ಮಾದೇವಕ್ಕನಿಗೆ, ಅವರದು ನನಗೆ. ಮರುದಿನ ಉಲ್ಟಾ. ಹಾಗಾಗಿ ಡಬ್ಬಿಯ ಪಲ್ಯವನ್ನು ಮೂವರೂ ಮನೆಯವರದಕ್ಕಿಂತ ಒಂದು ಕೈ ಹೆಚ್ಚಿಗೆ ಎಣ್ಣೆ ಹಾಕಿಯೇ ಮಾಡುತ್ತಿದ್ದೆವು. (ನನ್ನ ಗಂಡನಿಗೆ ಇದು ಗೊತ್ತಾಗಿದ್ದು ಬಹಳ ತಡವಾಗಿ. ಅವರಿನ್ನೂ ಅದನ್ನು ಮರೆತಿಲ್ಲ.)

ಸಿನಿಮಾ ಮುಗಿದ ವಾರವೇ ವರ್ಗಾವಣೆಯ ಖಾಲಿ ಹುದ್ದೆಗಳ ಪಟ್ಟಿ ಬಂತು. ಮೂವರೂ ಅರ್ಜಿ ಹಾಕಿದ್ದೆವು. ಪಟ್ಟಿಯಲ್ಲಿ ಗೋಕಾಕದ ಹತ್ತಿರ ಇದ್ದದ್ದು ಒಂದೇ ಒಂದು ಜಾಗ. ಮೇಲವಂಕಿ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ. ಅಲ್ಲಿನ ಹೆಡ್ ಮಾಸ್ತರರು ಈ ಅಂಕಣ ಓದುತ್ತಾರೆ.

ಮರುದಿನ ಕಾರಿನಲ್ಲಿ ಯಾರೂ ಆ ಊರಿನ ಸುದ್ದಿ ಎತ್ತಲಿಲ್ಲ. ಘಟಪ್ರಭಾ ದಾಟಿದ ಮೇಲೆ ನಾನೇ ಶುರು ಮಾಡಿದೆ.

"ಆ ಊರಾಗ ಮಳಿಗಾಲದಾಗ ಹಳ್ಳ ಬರ್ತೈತಂತ. ಸಾಲಿಗೆ ಹೋದಾವ್ರು ಹೊಳ್ಳಿ ಬರೂದ ಕಠಿಣ ಅಂತ."

"ಹಳ್ಳ ಏನ ಮಾಡ್ತೈತಿ ತಗೊ," ಅಂದಳು ಶೈಲಾ. "ಅಲ್ಲಿ ಎರಡ ಪಾರ್ಟಿ ಅದಾವಂತ. ಟೀಚರ್‌ನ ನಡುವ ಹಾಕ್ಕೊಂಡ ಎಳದಾಡ್ತಾರಂತ."

ಮಾದೇವಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು: "ಮಂಗ್ಯಾ ಭಾಳ ಅದಾವಂತ ನೋಡ್ರಿ ಅಲ್ಲಿ."

ಹಳ್ಳ, ಪಾರ್ಟಿ, ಮಂಗ. ಆ ಬಡ ಶಾಲೆ ಮಾಡಿದ ತಪ್ಪಾದರೂ ಏನು? ಗೋಕಾಕಕ್ಕೆ ಹತ್ತಿರ ಇದ್ದದ್ದು.

ಭಾನುವಾರ ಮನೆಯಲ್ಲಿ ಸಂತೆಗೆ ಹೋಗುತ್ತೇನೆಂದು ಹೇಳಿ ಸ್ಕೂಟಿ ಹತ್ತಿದೆ. ಸೀದಾ ಆ ಊರಿಗೆ. ಶಾಲೆಯ ಮುಂದೆ ಬೇವಿನ ಗಿಡದ ಕಟ್ಟೆ. ಕಟ್ಟೆಯ ಮೇಲೆ ಒಬ್ಬ ಹಿರಿಯರು ಕೂತಿದ್ದರು.

"ಸಾಲಿ ನೋಡಾಕ ಬಂದೀರೇನ್ರಿ ಅಕ್ಕಾರ?"

"ಇಲ್ರಿ ಕಾಕಾ. ಸುಮ್ನ ಹಿಂಗ ಹೊಂಟಿದ್ದೆ."

"ಹೌದ್ರಿ. ಮುಂಜಾನಿ ಒಬ್ರು ಕಾರ್ ತಗೊಂಡ ಬಂದಿದ್ರು. ಅವರೂ ಸುಮ್ನ ಹೊಂಟಿದ್ರು. ಆದ್ರ ಸಾಲಿ ನಳಾ ತಿರುವಿ, ನೀರ ಬರ್ತೈತೋ ಇಲ್ಲೋ ನೋಡಿ ಹೋದ್ರು."

"ಕಾಕಾ, ಇಲ್ಲಿ ಮಂಗ್ಯಾ ಅದಾವೇನ್ರಿ?"

"ಅವರು ಹಳ್ಳ ಕೇಳಿದ್ರು, ನೀವು ಮಂಗ್ಯಾ ಕೇಳ್ತೀರಿ. ಎರಡೂ ಇಲ್ರಿ ನಮ್ಮೂರಾಗ."

ನಾನು ಕಿಟಕಿಯಿಂದ ತರಗತಿಯ ಫ್ಯಾನು ಎಣಿಸುತ್ತಿದ್ದಾಗ ಹಿಂದಿನಿಂದ ಇನ್ನೊಂದು ಸ್ಕೂಟಿ ಬಂತು. ಶೈಲಾ. ಗಾಡಿ ನಿಲ್ಲಿಸಿ ಮೊದಲು ಕೈಗಡಿಯಾರ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಕಾಕಾ ಮಾತ್ರ ಖುಷಿಯಾಗಿದ್ದರು.

"ಬಾಳಿಹಣ್ಣ ತಗೊಳ್ಳಾಕ ಬಂದಿದ್ದೆ," ಅಂದಳು ಶೈಲಾ. ಆ ಊರಿನಲ್ಲಿ ಬಾಳೆಹಣ್ಣಿನ ಅಂಗಡಿ ಇಲ್ಲ. ಅವಳೇ ಒಮ್ಮೆ ಆಚೆ ಈಚೆ ನೋಡಿದಳು. ಆಮೇಲೆ ಆ ಸುಳ್ಳನ್ನು ಕೈಬಿಟ್ಟು ಖರೆ ಹೇಳಿದಳು.

"ಹದಿನಾಲ್ಕ ಮಿನಿಟ್, ವಿಜೂ. ಪ್ರಾರ್ಥನಾನ ಸಾಲಿ ಗೇಟಿನಿಂದ ಇಲ್ಲೀತನಕ. ನಡುವ ಒಂದ ಟ್ರ್ಯಾಕ್ಟರ್ ಅಡ್ಡ ಬಂತು, ಅದನ್ನೂ ಹಿಡದ."

ಪ್ರಾರ್ಥನಾ ಅವಳ ಮಗಳು. ಒಂಬತ್ತು ವರ್ಷ. ಗೋಕಾಕದಲ್ಲೇ ಓದುತ್ತಾಳೆ. ಆಕೆಗೆ ಫಿಟ್ಸ್ ಬರುತ್ತದೆ. ಶೈಲಾಳ ಗಂಡನದು ಲಾರಿ ಲೈನು, ಇವತ್ತು ಕೊಲ್ಹಾಪುರ, ನಾಳೆ ಎಲ್ಲೋ. ತವರು ಮೂಡಲಗಿ. ಗೋಕಾಕದಲ್ಲಿ ಓಡಿ ಹೋಗುವವರು ಯಾರೂ ಇಲ್ಲ. ಹೋದ ಮಳೆಗಾಲದಲ್ಲಿ ಫೋನ್ ಬಂದಾಗ ಶೈಲಾ ಐದನೇ ಇಯತ್ತೆಗೆ ಪಾಠ ಮಾಡುತ್ತಿದ್ದಳು. ಮಾದೇವಕ್ಕನ ಕಾರು ಅವತ್ತೇ ಗ್ಯಾರೇಜಿನಲ್ಲಿ. ಹೈವೇಗೆ ಓಡಿ, ಒಂದು ಸಿಮೆಂಟ್ ಲಾರಿಗೆ ಕೈ ಮಾಡಿ ಹತ್ತಿದಳು. ತಲುಪುವಷ್ಟರಲ್ಲಿ ಎರಡು ತಾಸು. ಹುಡುಗಿ ತೊಯ್ದ ಯೂನಿಫಾರ್ಮಿನಲ್ಲೇ ಆಫೀಸಿನ ಬೆಂಚಿನ ಮೇಲೆ ಮಲಗಿತ್ತು. ಅಂದಿನಿಂದ ಶೈಲಾ ಫೋನ್ ಸೈಲೆಂಟ್ ಇಡುವುದಿಲ್ಲ. ಕಂಪನಿಯವರ ಜಾಹೀರಾತಿನ ಕರೆ ಬಂದರೂ ಮುಖದಲ್ಲಿ ರಕ್ತ ಇರುವುದಿಲ್ಲ. ಮಗಳ ಕಾಯಿಲೆಗೆ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟಿದ್ದರೆ ಆದ್ಯತೆ ಸಿಗುತ್ತಿತ್ತೇನೋ. ಅದನ್ನು ಮಾಡಿಸಲು ಓಡಾಡುವಷ್ಟರಲ್ಲಿ ಕೊನೆಯ ದಿನಾಂಕ ಮುಗಿದಿತ್ತು.

ನನಗೆ ನಾಚಿಕೆಯಾಯಿತು. ಫ್ಯಾನು ಎಣಿಸುವುದನ್ನು ಬಿಟ್ಟೆ.

"ಇದು ನಿನಗ ಶೈಲಾ. ನಾ ಮುಟ್ಟೂದಿಲ್ಲ," ಅಂದೆ.

ಅದು ಆ ಹೊತ್ತಿಗೆ ಖರೆ ಮಾತು. ಸಂಜೆ ಮಾದೇವಕ್ಕನಿಗೂ ಫೋನ್ ಮಾಡಿ ಹೇಳಿದೆ. ಅವರು ನಳದ ವಿಷಯ ಎತ್ತಲಿಲ್ಲ. "ಹಂಗಾರ ನಾನೂ ಬಿಡ್ತೇನಿ ತಗೊ. ಮೂರ ವರ್ಷ ಉಳದಾವ, ಹೆಂಗರ ಎಳಿತೇನಿ," ಅಂದರು. ಅವತ್ತು ನಾನು ಎಷ್ಟು ಒಳ್ಳೆಯವಳಾಗಿದ್ದೆನೆಂದರೆ, ಗಂಡನಿಗೂ ಹೆಚ್ಚಿಗೆ ಎಣ್ಣೆ ಹಾಕಿ ಪಲ್ಯ ಮಾಡಿದೆ.

ವರ್ಗಾವಣೆಯ ಕೌನ್ಸೆಲಿಂಗ್‌ಗೆ ಇನ್ನೂ ಹನ್ನೊಂದು ದಿನ ಇತ್ತು. ಮನುಷ್ಯರು ಕೆಡಲು ಅಷ್ಟು ದಿನ ಧಾರಾಳ ಸಾಕು.

ಮೊದಲ ದಿನ ನೆನಪಾದದ್ದು ನನ್ನ ಬೆನ್ನು. ಒಂಬತ್ತು ವರ್ಷ ಆ ರಸ್ತೆಯಲ್ಲಿ ಕುಲುಕಾಡಿದ ಬೆನ್ನು. ಆಮೇಲೆ, ಪ್ರಾರ್ಥನಾಗೆ ಹೊಸ ಗುಳಿಗೆ ಶುರುವಾಗಿದೆಯಲ್ಲ, ಫಿಟ್ಸ್ ಕಡಿಮೆಯಾಗಿದೆಯಲ್ಲ. ಶೈಲಾ ನನಗಿಂತ ಚಿಕ್ಕವಳು, ಮುಂದಿನ ಸಲ ಸಿಕ್ಕೇ ಸಿಗುತ್ತದೆ. ಕೊನೆಗೆ ಸಿಕ್ಕ ವಾದ ಎಲ್ಲಕ್ಕಿಂತ ಗಟ್ಟಿ. ಆದ್ಯತಾ ಪಟ್ಟಿಯಲ್ಲಿ ಮೊದಲು ಮಾದೇವಕ್ಕ, ಆಮೇಲೆ ನಾನು. ನನಗೂ ಶೈಲಾಗೂ ನಡುವೆ ಇನ್ನೊಬ್ಬ ಟೀಚರ್ ಇದ್ದರು, ಯಾರೋ ಗುರುತಿಲ್ಲದವರು. ನಾನು ಬಿಟ್ಟರೆ ಅವರು ಹೊಡೆದುಕೊಂಡು ಹೋದರೆ? ಯಾರೋ ತಿನ್ನುವ ಬದಲು ಗೆಳತಿಯೇ ತಿನ್ನುವುದು ಒಳ್ಳೆಯದಲ್ಲವೇ?

ಈ ಹನ್ನೊಂದು ದಿನವೂ ಡಬ್ಬಿ ಬದಲಾಯಿಸಿಕೊಂಡೇ ಉಂಡೆವು. ಒಂದು ದಿನ ಶೈಲಾಳ ಎಣ್ಣೆಗಾಯಿ ನನ್ನ ಪಾಲಿಗೆ ಬಂತು. ಪೂರ್ತಿ ತಿಂದೆ. ಚೆನ್ನಾಗಿತ್ತು.

ಕೌನ್ಸೆಲಿಂಗಿನ ದಿನ ಚಿಕ್ಕೋಡಿಗೆ ಮೂವರೂ ಮಾದೇವಕ್ಕನ ಕಾರಿನಲ್ಲೇ ಹೋದೆವು. ದೊಡ್ಡ ಹಾಲು, ಗೋಡೆಯ ಮೇಲೆ ಸ್ಕ್ರೀನು, ಸ್ಕ್ರೀನಿನ ಮೇಲೆ ಊರುಗಳು. ಹೆಸರು ಕರೆದವರು ಮುಂದೆ ಹೋಗಿ ಊರು ಹೇಳಬೇಕು. ಆಪರೇಟರ್ ಕ್ಲಿಕ್ ಮಾಡಿದರೆ ಮುಗಿಯಿತು, ಆಮೇಲೆ ಬದಲಾಯಿಸಲು ಬರುವುದಿಲ್ಲ.

ಮಾದೇವಕ್ಕನನ್ನು ಕರೆದರು. ಅವರು ಹೋಗಿ, "ಬ್ಯಾಡ್ರಿ, ಇದ್ದಲ್ಲೇ ಇರ್ತೇನಿ," ಎಂದು ಸಹಿ ಮಾಡಿ ಬಂದರು. ನನ್ನ ಪಕ್ಕ ಹಾದು ಹೋಗುವಾಗ ಹೆಗಲ ಮೇಲೆ ಕೈ ಇಟ್ಟರು.

ಆಮೇಲೆ ನನ್ನನ್ನು ಕರೆದರು.

ನನ್ನ ಕಣ್ಣು ಹಳದಿಯಾಗಲಿಲ್ಲ. ಉಗುರು ಬೆಳೆಯಲಿಲ್ಲ (ಬೆಳಿಗ್ಗೆಯಷ್ಟೇ ಕತ್ತರಿಸಿಕೊಂಡಿದ್ದೆ). ಸ್ಕ್ರೀನ್ ನೋಡಿದೆ. ಊರಿನ ಹೆಸರು ಓದಿದೆ, ಒಳ್ಳೆಯ ಸ್ಪಷ್ಟ ಉಚ್ಚಾರದಲ್ಲಿ. ಆಪರೇಟರ್ ಕ್ಲಿಕ್ ಮಾಡಿದ.

ನನ್ನ ಬಳಿಕ ಆ ಗುರುತಿಲ್ಲದ ಟೀಚರ್ ಹೋದರು. ಅವರು ಮೂಡಲಗಿ ಕಡೆಯ ಒಂದು ಊರು ತೆಗೆದುಕೊಂಡರು. ಅವರ ಮನೆ ಅಲ್ಲೇ ಅಂತೆ. ಗೋಕಾಕದ ಹತ್ತಿರ ಬರುವ ವಿಚಾರವೇ ಅವರಿಗೆ ಇರಲಿಲ್ಲವಂತೆ. ನಾನು ಬಿಟ್ಟಿದ್ದರೆ ಆ ಜಾಗ ನೇರವಾಗಿ ಶೈಲಾಗೆ ಹೋಗುತ್ತಿತ್ತು.

ಶೈಲಾ ಮುಂದೆ ಹೋಗಿ ಇದ್ದಲ್ಲೇ ಇರುವುದಾಗಿ ಹೇಳಿ ಬಂದಳು.

ಸಿನಿಮಾದವರಿಗೆ ಒಂದು ಅನುಕೂಲ ಇದೆ. ತಿಂದ ಮೇಲೆ ತಿಂದವರೂ ಉಳಿದವರೂ ಒಂದೇ ಕಾರಿನಲ್ಲಿ ಮನೆಗೆ ಹೋಗಬೇಕಾಗಿಲ್ಲ. ನಾವು ಹೋಗಬೇಕಿತ್ತು. ಹುಕ್ಕೇರಿಯಲ್ಲಿ ಮಾದೇವಕ್ಕ ಚಹಾಕ್ಕೆ ನಿಲ್ಲಿಸಲಿಲ್ಲ. "ಶೈಲಾ, ನಿನ್ನ ಸಲುವಾಗಿನ ನಾ ತಗೊಂಡೆ, ನಡುವ ಆ ಟೀಚರ್ ಇದ್ರಲ್ಲ..." ಎಂದು ನಾನು ಶುರು ಮಾಡಿದೆ. ಶೈಲಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ನನ್ನ ಮನೆಯ ಮುಂದೆ ಕಾರು ನಿಂತಿತು.

"ಇಳೀರಿ ಮೇಡಮ್ಮಾರ," ಅಂದರು ಮಾದೇವಕ್ಕ.

ಒಂಬತ್ತು ವರ್ಷ "ಬಾ ವಿಜೂ", "ಹೋಗ ವಿಜೂ" ಎಂದವರು. ಇಷ್ಟು ಮರ್ಯಾದೆಯನ್ನು ನನಗೆ ಇಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ. ಇಂದಿಗೂ ಸಿಕ್ಕಲ್ಲೆಲ್ಲ ಕೊಡುತ್ತಿದ್ದಾರೆ.

ಹೊಸ ಶಾಲೆ ಚೆನ್ನಾಗಿದೆ. ಹಳ್ಳ ಇಲ್ಲ, ಪಾರ್ಟಿ ಇಲ್ಲ, ಮಂಗ ಇಲ್ಲ. ಏಳು ಗಂಟೆಯವರೆಗೆ ಮಲಗಬಹುದು. (ಐದಕ್ಕೇ ಎಚ್ಚರವಾಗುತ್ತದೆ, ಅದು ಬೇರೆ ಮಾತು.) ಮಧ್ಯಾಹ್ನ ನನ್ನ ಡಬ್ಬಿ ನಾನೇ ತೆರೆಯುತ್ತೇನೆ. ಪಲ್ಯ ಹೇಗಿರುತ್ತದೆಂದು ಮೊದಲೇ ಗೊತ್ತಿದ್ದರೆ ಊಟಕ್ಕೆ ಕೂರುವ ಉತ್ಸಾಹವೇ ಬರುವುದಿಲ್ಲ. ಕಾನೂನಿನ ಪ್ರಕಾರ ನಾನು ಯಾರದನ್ನೂ ಕಿತ್ತುಕೊಂಡಿಲ್ಲ. ನನ್ನ ನಂಬರ್ ಮೊದಲಿತ್ತು, ತೆಗೆದುಕೊಂಡೆ. ಇದನ್ನು ನಾನು ದಿನಾ ಹೇಳಿಕೊಳ್ಳುತ್ತೇನೆ. ದಿನಾ ಹೇಳಿಕೊಳ್ಳಬೇಕಾಗುತ್ತದೆ.

ಹದಿನೈದು ದಿನದ ಬಳಿಕ ಶೈಲಾಳ ಫೋನ್. ಬೈಯಲು ಎಂದುಕೊಂಡೆ. ಬೈಸಿಕೊಳ್ಳಲು ತಯಾರಾಗಿ ಬಾಗಿಲು ಹಾಕಿಕೊಂಡೆ.

"ವಿಜೂ, ನೀ ಈಗ ಹತ್ರನ ಇರ್ತಿ. ಪ್ರಾರ್ಥನಾನ ಸಾಲ್ಯಾಗ ನಿನ್ನ ನಂಬರ್ ಕೊಟ್ಟೇನಿ. ಫೋನ್ ಬಂದ್ರ ಹೋಗ್ತಿಲ್ಲೊ?"

"ಹೋಗ್ತೇನಿ," ಅಂದೆ. ಅವಳು ಇಟ್ಟಳು. ಅಂದಿನಿಂದ ನಾನೂ ಫೋನ್ ಸೈಲೆಂಟ್ ಇಡುವುದಿಲ್ಲ.

ಹೋದ ಮಂಗಳವಾರ ಪ್ರಾರ್ಥನಾಳ ಶಾಲೆಯಿಂದ ಫೋನ್ ಬಂತು. ಹೆಡ್ ಮಾಸ್ತರರಿಗೆ ಏನು ಹೇಳಿದೆನೋ ನೆನಪಿಲ್ಲ, ಸ್ಕೂಟಿ ಬಿಟ್ಟುಕೊಂಡು ಹೋದೆ. ಹುಡುಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿದ್ದರು, ಆಗಲೇ ಕಣ್ಣು ಬಿಟ್ಟಿತ್ತು. ಮುಖ ಒರೆಸಿದೆ. "ಮಮ್ಮಿ?" ಅಂದಿತು. "ಬರಾಕತ್ತಾಳ" ಅಂದೆ. ನನ್ನ ಬೆರಳು ಹಿಡಿದುಕೊಂಡು ಮತ್ತೆ ಕಣ್ಣು ಮುಚ್ಚಿತು. ನನಗೆ ಅಳು ಬಂತು. ಬರಲಿ ಎಂದು ಬಿಟ್ಟೆ.

ಮನೆಗೆ ಕರೆದುಕೊಂಡು ಹೋಗಲು ಆಫೀಸಿನಲ್ಲಿ ಸಹಿ ಬೇಕು. ಕ್ಲರ್ಕ್ ಫೈಲು ತೆಗೆಯುತ್ತ ಕೇಳಿದರು: "ನೀವು ಹುಡಿಗಿಗೆ ಏನಾಗ್ಬೇಕ್ರಿ?"

ನಾನು ಚೀಲದಲ್ಲಿ ಪೆನ್ನು ಹುಡುಕತೊಡಗಿದೆ. ಅವರೇ ಫಾರ್ಮ್ ನನ್ನ ಕಡೆ ತಿರುಗಿಸಿದರು. ತುರ್ತಿಗೆ ಕರೆಯಬೇಕಾದವರ ಹೆಸರು: ನನ್ನದು. ಮೊಬೈಲ್: ನನ್ನದು. ಸಂಬಂಧ: ಅಲ್ಲಿ ಶೈಲಾ ತನ್ನ ದುಂಡು ಅಕ್ಷರದಲ್ಲಿ "ತಾಯಿಯ ಗೆಳತಿ" ಎಂದು ಬರೆದಿದ್ದಳು.

ವರ್ಷಗಟ್ಟಲೆ ಮಕ್ಕಳಿಗೆ ಬಿಟ್ಟ ಸ್ಥಳ ತುಂಬಲು ಕಲಿಸಿದ ಶೈಲಾಗೆ, ನಾನು ಮಾಡಿದ್ದಕ್ಕೆ ಅಲ್ಲಿ ಬೇರೆ ಯಾವ ಶಬ್ದ ಸರಿಹೊಂದುತ್ತಿತ್ತು ಎಂಬುದು ಗೊತ್ತಿರಲಿಲ್ಲವೇ?