ಸುಳ್ಳು ಹೇಳುವ ಡಬ್ಬಿ

ರೇಡಿಯೋ ಅಕ್ಕನ ಬಾಯಿಗೆ ಬೀಗವಿಲ್ಲ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಇಪ್ಪತ್ತಾರು ವರ್ಷದಿಂದ ರೇಡಿಯೋ, ಟಿವಿ ರಿಪೇರಿ ಮಾಡುತ್ತಿದ್ದ ಅವಳು ಸೆಟ್ಟು ಸತ್ತಿದ್ದರೆ ಸತ್ತಿದೆ ಎಂದೇ ಹೇಳುವವಳು. ಸಮಾಧಾನದ ಮಾತು ಬೇಕಾದ ಗಿರಾಕಿ ಬೇರೆ ಅಂಗಡಿ ನೋಡಿಕೊಳ್ಳಬೇಕಿತ್ತು. ಆ ಬಾಯಿಯೇ ತಮ್ಮನನ್ನೂ ದೂರ ಮಾಡಿತ್ತು. ಅವನು ಆಸೆಪಟ್ಟು ಕೊಂಡ ಹಳೆಯ ಟರ್ಬೊ ಕಾರನ್ನು ಅವನ ಹೆಂಡತಿಯ ಮನೆಯವರ ಎದುರಿಗೇ "ಬಣ್ಣ ಬಳಿದ ಗುಜರಿ" ಎಂದುಬಿಟ್ಟಿದ್ದಳು. ಎರಡು ವರ್ಷ ಅವನು ಇತ್ತ ತಲೆ ಹಾಕಲಿಲ್ಲ.

ಒಂದು ಬೆಳಿಗ್ಗೆ ಅದೇ ಕಾರು ಅಂಗಡಿಯ ಮುಂದೆ ನಿಂತಿತು.

"ಅಕ್ಕಾ, ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೆ ಗಕ್ಕಂತ ಮುಗ್ಗರಿಸುತ್ತೆ," ಎಂದ ತಮ್ಮ, ಕಣ್ಣು ತಪ್ಪಿಸುತ್ತಾ. "ಇಂಜಿನ್ನಿಗೆ ಟರ್ಬೊ ತುಂಬೋ ಗಾಳಿ ಮಿತಿ ಮೀರ್ತಿದೆ ಅಂತ ಕಾರಿನ ಕಂಪ್ಯೂಟರ್ರೇ ಪೆಟ್ರೋಲ್ ನಿಲ್ಲಿಸುತ್ತಂತೆ. ಅದು ನಿಲ್ಲಿಸದ ಹಾಗೆ ಏನಾದ್ರೂ ಮಾಡ್ಕೊಡ್ತೀಯಾ?"

ಯಾಕೆ ಮೀರುತ್ತಿದೆ ಎಂಬ ಪ್ರಶ್ನೆ ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಬಂದವನು ಮತ್ತೆ ಎದ್ದು ಹೋದರೆ?

"ಅಯ್ಯೋ, ಅದೇನು ಮಹಾ," ಎಂದಳು.

ಎರಡು ದಿನ ಕೂತು ಕಟ್ಟಿದಳು. ಗಾಳಿಯ ಒತ್ತಡ ಅಳೆಯುವ ಸೆನ್ಸರಿನಿಂದ ಕಂಪ್ಯೂಟರಿಗೆ ಹೋಗುವ ತಂತಿಯ ನಡುವೆ ಕೂರುವ, ಬೆಂಕಿಪೊಟ್ಟಣದಷ್ಟು ಚಿಕ್ಕ ಡಬ್ಬಿ. ಒತ್ತಡ ಏರಿದಷ್ಟೂ ಸೆನ್ಸರು ಕಳಿಸುವ ವೋಲ್ಟು ಏರುತ್ತದೆ. ಸೆನ್ಸರು ಎಷ್ಟೇ ಬಡಿದುಕೊಂಡರೂ ನಾಲ್ಕು ವೋಲ್ಟು ದಾಟಿದ ಸುದ್ದಿಯನ್ನು ಡಬ್ಬಿ ಕಂಪ್ಯೂಟರಿಗೆ ಮುಟ್ಟಿಸದು. ತಮ್ಮ ಪಕ್ಕದ ಸ್ಟೂಲಿನಲ್ಲಿ ಕೂತು, ಚಿಕ್ಕಂದಿನಂತೆಯೇ ಅವಳ ಸ್ಕ್ರೂಗಳನ್ನೆಲ್ಲ ಬೀಳಿಸಿ ಬೈಸಿಕೊಂಡ. ಅಷ್ಟು ಸಂತೋಷದಲ್ಲಿ ಅಕ್ಕ ಬೈದು ಎಷ್ಟೋ ಕಾಲವಾಗಿತ್ತು.

ಮೂರನೆಯ ದಿನ ಊರಾಚೆಯ ಖಾಲಿ ರಸ್ತೆಗೆ ಹೋದರು. ಡಬ್ಬಿಯ ಎರಡೂ ಕಡೆ ಒಂದೊಂದು ಮೀಟರು ಸಿಕ್ಕಿಸಿ, ತೊಡೆಯ ಮೇಲಿಟ್ಟುಕೊಂಡು ಅಕ್ಕ ಕೂತಳು. ತಮ್ಮ ಒತ್ತಿದ. ಕಾರು ಮುಗ್ಗರಿಸದೆ ನುಗ್ಗಿತು, ಅವನು ಕೇಕೆ ಹಾಕಿದ. ಕಂಪ್ಯೂಟರಿನ ಕಡೆಯ ಮೀಟರು ನಾಲ್ಕರಲ್ಲಿ ತೆಪ್ಪಗೆ ನಿಂತಿತ್ತು. ಸೆನ್ಸರಿನ ಕಡೆಯದು ನಾಲ್ಕೂಕಾಲು, ನಾಲ್ಕೂವರೆ ಎಂದು ಹತ್ತುತ್ತಲೇ ಇತ್ತು. ಇಂಜಿನ್ನಿನೊಳಗೆ ಡಬ್ಬದಲ್ಲಿ ಕಲ್ಲು ಕುಲುಕಿದ ಸದ್ದು ಶುರುವಾಯಿತು.

"ಕಾಲು ತೆಗಿಯೋ!" ಎಂದು ಅಕ್ಕ ಕಿರುಚಿದಳು.

ಬಾನೆಟ್ ಎತ್ತಿ ಹುಡುಕಿದಳು. ಟರ್ಬೊವನ್ನು ಹದ್ದುಬಸ್ತಿನಲ್ಲಿಡುವ ಕವಾಟಕ್ಕೆ ಹೋಗುವ, ಕಿರುಬೆರಳಿನ ಗಾತ್ರದ ರಬ್ಬರ್ ಪೈಪು ಸೀಳಿಹೋಗಿತ್ತು. ಕವಾಟ ತೆರೆಯದೆ ಗಾಳಿ ನಿಜವಾಗಿಯೂ ಮಿತಿ ಮೀರುತ್ತಿತ್ತು. ಸೆನ್ಸರು ಇಷ್ಟು ದಿನವೂ ನಿಜವನ್ನೇ ಹೇಳುತ್ತಿತ್ತು. ತಮ್ಮ ಉಳಿದುಕೊಳ್ಳಲೆಂದು ಅಕ್ಕ ಅದರ ಬಾಯಿಯನ್ನೂ ಕಟ್ಟಿದ್ದಳು, ತನ್ನದನ್ನೂ.

ಮೆಲ್ಲಗೆ ಅಂಗಡಿಗೆ ವಾಪಸು ಬಂದು, ಹೊಸ ಪೈಪು ಹಾಕಿ ಡಬ್ಬಿ ಬಿಚ್ಚಿಟ್ಟಳು. ಕಾರು ಈಗ ಮುಗ್ಗರಿಸಲಿಲ್ಲ. ಆದರೆ ಆ ನುಗ್ಗಾಟವೂ ಇರಲಿಲ್ಲ. ಒಂದು ಸುತ್ತು ಹೋಗಿ ಬಂದ ತಮ್ಮನ ಮುಖ ಸಪ್ಪಗಾಗಿತ್ತು.

"ಹಳೇ ಪೈಪೇ ಇರ್ಲಿ, ಡಬ್ಬೀನೂ ಹಾಕು. ಚೆನ್ನಾಗೇ ಕೆಲಸ ಮಾಡ್ತಲ್ಲ?"

"ತುಂಬಾ ಚೆನ್ನಾಗಿ ಮಾಡುತ್ತೆ. ಅದಕ್ಕೇ ಕೊಡಲ್ಲ. ಒಂದಿನ ಇಂಜಿನ್ ಒಡೆದುಹೋಗುತ್ತೆ, ಆಗ ನೀನು ಎಷ್ಟು ಸ್ಪೀಡಲ್ಲಿರ್ತೀಯೋ ಯಾರಿಗೆ ಗೊತ್ತು. ಗಾಳಿ ಯಾಕೆ ಮೀರ್ತಿದೆ ಅಂತ ಮೊದಲನೇ ದಿನವೇ ಕೇಳ್ಬೇಕಿತ್ತು ಕಣೋ. ನೀನು ಹೊರಟುಹೋಗ್ತೀಯ ಅಂತ ಹೆದರ್ಕೊಂಡೆ. ಈಗ ಹೋಗೋದಾದ್ರೆ ಹೋಗು."

ಹೇಳುತ್ತಲೇ ಅವಳು ಡಬ್ಬಿಯನ್ನು ಮೇಜಿನ ಖಾನೆಗೆ ಹಾಕಿದಳು. ತಮ್ಮ ಅವಳ ಮುಖವನ್ನೇ ನೋಡಿದ. ಕಾರು ಹತ್ತಿ ಸ್ಟಾರ್ಟ್ ಮಾಡಿದ. ಆಮೇಲೆ ಗಾಜು ಇಳಿಸಿದ.

"ಭಾನುವಾರ ಹೆಂಡ್ತೀನೂ ಕರ್ಕೊಂಡು ಊಟಕ್ಕೆ ಬರ್ತೀನಿ. ಅವಳ ಎದುರಿಗೆ ಕಾರಿನ ಸುದ್ದಿ ಎತ್ತಲ್ಲ ಅಂತ ಮಾತು ಕೊಡು."

"ಊಟ ಹಾಕ್ತೀನಿ," ಎಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತಾ. "ಮಾತು ಕೊಡೋಕಾಗಲ್ಲ."