ಬಾಯಿ ಬಿಟ್ಟರೆ ಮಾತ್ರ ಓದೇ?

ಡಲ್ಲಾಸ್ ಪಕ್ಕದ ಕಾಪೆಲ್‌ನಿಂದ ಬೆಳಗ್ಗೆ ಕಾರಿನಲ್ಲಿ ಹೊರಟಾಗ ನನ್ನ ತೊಡೆಯ ಮೇಲೆ ಮೊಸರನ್ನದ ಡಬ್ಬಿ, ಮುಂದಿನ ಸೀಟಿನಲ್ಲಿ ಲಿನ್‌ಳ ಅಪ್ಪ. ಲಿನ್ ನಮ್ಮ ಪಕ್ಕದ ಮನೆಯ ಚೀನೀ ಹೆಣ್ಣುಮಗಳು. ಪಾರ್ಶ್ವವಾಯು ಹೊಡೆದು ಆ ಅಜ್ಜನ ಮಾತು ನಿಂತಿತ್ತು, ಬಲಗೈ ಬಿದ್ದುಹೋಗಿತ್ತು. ಓದೂ ಹೋಗಿದೆ ಎಂದು ಡಲ್ಲಾಸ್‌ನ ಡಾಕ್ಟರು ಹೇಳಿದ್ದರು. ಹೂಸ್ಟನ್‌ನಲ್ಲಿ ನಮ್ಮ ಧಾರವಾಡದ ಡಾಕ್ಟರೊಬ್ಬರಿದ್ದಾರೆ, ಅವರೂ ನೋಡಲಿ ಎಂದು ನಾನೇ ಹೊರಡಿಸಿದ್ದೆ. ಅವರೂ ಕೈಚೆಲ್ಲಿದರೆ ಅಲ್ಲಿಂದಲೇ ಆಸ್ಟಿನ್‌ಗೆ ಹೋಗಿ, ಅಜ್ಜ ಮೊದಲಿದ್ದ ಮನೆ ಖಾಲಿ ಮಾಡಿ, ಪುಸ್ತಕಗಳನ್ನೆಲ್ಲ ದಾನ ಕೊಡುವುದೆಂದು ಲಿನ್ ತೀರ್ಮಾನಿಸಿದ್ದಳು.

ನಾಲ್ಕು ಗಂಟೆಯ ದಾರಿ, ಸುಡು ಬಿಸಿಲು. ಚೀನೀ ಬರಹ ಹೇಗೆ ಓದುತ್ತೀರಿ ಎಂದು ಕೇಳಿದೆ.

"ಕೂಡಿಸಿ ಓದೋಕೆ ನಿಮ್ಮ ಥರ ಕಾಗುಣಿತ ಇಲ್ಲ ಆಂಟಿ," ಎಂದಳು ಲಿನ್ ಇಂಗ್ಲಿಷಿನಲ್ಲಿ. "ಅಕ್ಷರದ ಒಂದು ಭಾಗ ಹೆಚ್ಚಾಗಿ ಅರ್ಥದ ಸುಳಿವು ಕೊಡುತ್ತೆ, ಇನ್ನೊಂದು ಸದ್ದಿನದು. ಪದಗಳ ಮಧ್ಯೆ ಜಾಗಾನೂ ಬಿಡಲ್ಲ. ಯಾವುದರ ಜೊತೆ ಯಾವುದು ಅಂತ ಕಣ್ಣೇ ಜೋಡಿಸಿಕೊಳ್ಳುತ್ತೆ. ಎಷ್ಟೋ ಸಲ ಅರ್ಥ ಗೊತ್ತಿರುತ್ತೆ, ಹೇಳೋಕೆ ಬರಲ್ಲ."

ಹೂಸ್ಟನ್‌ನಲ್ಲಿ ಡಾಕ್ಟರು ಚೀನೀ ಅಕ್ಷರಗಳ ಕಾರ್ಡುಗಳನ್ನು ಹಿಡಿದು, ಜೋರಾಗಿ ಓದಲು ಲಿನ್‌ಳಿಂದ ಹೇಳಿಸಿದರು. ಅಜ್ಜನ ತುಟಿ ಅಲ್ಲಾಡಿತು, ಸ್ವರ ಹೊರಡಲಿಲ್ಲ.

"ಓದೂದೂ ಹೋಗೇದ್ರಿ. ಒಂದು ಶಬ್ದಾನೂ ಹೇಳ್ಲಿಲ್ಲ ನೋಡ್ರಿ," ಎಂದರು ಡಾಕ್ಟರು ನನ್ನತ್ತ ತಿರುಗಿ.

ನನಗೆ ಮೈಯೆಲ್ಲ ಉರಿದುಹೋಯಿತು. ಮೈಸೂರಿನಲ್ಲಿ ಮಾತು ನಿಂತವರಿಗೆ ಮಾತು ಕಲಿಸುತ್ತಲೇ ಕೂದಲು ಹಣ್ಣಾದವಳು ನಾನು. "ಮಾತು ನಿಂತೋರ ಹತ್ರ ಬಾಯಲ್ಲಿ ಹೇಳ್ಸಿ ಓದು ಅಳೀತೀರಾ ಡಾಕ್ಟ್ರೇ? ಅರ್ಥ ಆಯ್ತಾ ಅಂತ ನೋಡೋದು ಬೇಡ್ವಾ?"

"ಟೆಸ್ಟ್ ಹಂಗೇ ಅದರಿ," ಎಂದರು. ಅಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದಾಗಿತ್ತು. ಇಷ್ಟು ದೂರ ಬಂದದ್ದು ಈ ಸೌಭಾಗ್ಯಕ್ಕೆ!

ಆಸ್ಟಿನ್ ತಲುಪುವವರೆಗೂ ಲಿನ್ ಅಳುತ್ತಲೇ ಡ್ರೈವ್ ಮಾಡಿದಳು. ಕಾಯಿಲೆಯಾದ ಮೇಲೆ ಅಪ್ಪನಿಗೆ ಏನಾದರೂ ಬರೆದು ತೋರಿಸಿದ್ದೀಯಾ ಎಂದು ಕೇಳಿದೆ. ಓದು ಹೋಯಿತೆಂದ ಮೇಲೆ ಬರೆದು ನೋಯಿಸುವುದೇಕೆ ಎಂದು ಬಿಟ್ಟಿದ್ದಳಂತೆ. ಅವಳ ಮೇಲೂ ರೇಗಿಬಿಟ್ಟೆ.

ಅಜ್ಜನ ಮನೆಯಲ್ಲಿ ಪುಸ್ತಕಗಳು ಲಿನ್‌ಳ ಕೈಯಿಂದ ಹಿಂದಿನ ವಾರವೇ ಪೆಟ್ಟಿಗೆ ಸೇರಿ ಟೇಪು ಸುತ್ತಿಸಿಕೊಂಡಿದ್ದವು. "ಕೊಡೋ ಮುಂಚೆ ಒಂದು ಮಾತು ಕೇಳು, ಬರೆದು ಕೇಳು," ಎಂದು ಅವಳ ಕೈಗೆ ಪೆನ್ನು ತುರುಕಿದೆ. ಅವಳು ಚೀಟಿ ಬರೆದು, ಬಾಯಿ ಬಿಡದೆ ಅಪ್ಪನ ಮುಂದಿಟ್ಟಳು: ಈ ಪುಸ್ತಕಗಳನ್ನು ಕೊಟ್ಟುಬಿಡಲೇ?

ಅಜ್ಜ ಚೀಟಿ ನೋಡಿದರು. ಪೆಟ್ಟಿಗೆಗಳನ್ನು ನೋಡಿದರು. ಮುಖ ಕೆಂಪಾಯಿತು. ಎಡಗೈಯಲ್ಲಿ ಚೀಟಿ ಎತ್ತಿ, ಹಲ್ಲಿನಲ್ಲಿ ಕಚ್ಚಿ ಹರಿದು ಎಸೆದರು.

ಲಿನ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅಲ್ಲಿಂದಲೇ ಇನ್ನೊಂದು ಚೀಟಿ ಬರೆದು ಕೊಟ್ಟಳು. ಏನು ಬರೆದೆ ಎಂದು ನಾನು ಕೇಳಲಿಲ್ಲ. ಅಜ್ಜ ಅದನ್ನು ನಿಧಾನವಾಗಿ ಓದಿ, ಒಂದೇ ಕೈಯಲ್ಲಿ ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡು, ಮಗಳ ತಲೆಯ ಮೇಲೆ ಕೈಯಿಟ್ಟರು.